ಕಾಫಿ ಬೆಳೆಯದ ನಾಡಿನಲ್ಲಿ ಕಾಫಿಯ ಲಾಭ

ಸ್ವಿಟ್ಜರ್ಲೆಂಡಿನಲ್ಲಿ ಕಾಫಿ ತೋಟಗಳಿಲ್ಲ. ಆದರೂ ಜಗತ್ತಿನ ಕಾಫಿ ಬೀಜದ ವ್ಯಾಪಾರದಲ್ಲಿ ಅರ್ಧಕ್ಕಿಂತ ಹೆಚ್ಚು ಪಾಲು ಅಲ್ಲಿರುವ ಕಂಪೆನಿಗಳ ಮೂಲಕವೇ ನಡೆಯುತ್ತದೆಂದು ಅಂದಾಜು. ಮೂಟೆಗಳು ಹಡಗೇರಿ ಬೇರೆ ಬಂದರಿಗೆ ಹೋಗುತ್ತವೆ. ಕಾಗದಪತ್ರ ಮಾತ್ರ ಸ್ವಿಟ್ಜರ್ಲೆಂಡಿಗೆ ಹೋಗಿ ಬರುತ್ತದೆ. ಅಲ್ಲಿನ ಬ್ಯಾಂಕುಗಳ ಅನುಕೂಲ, ವ್ಯಾಪಾರದ ಪರಿಣತಿ ಇವೆಲ್ಲ ಇದಕ್ಕೆ ಕಾರಣವಿರಬಹುದು. ಆದರೆ ಹಗುರವಾದ ಕಂಪೆನಿ ತೆರಿಗೆಯೂ ಒಂದು ಕಾರಣವೆಂಬುದನ್ನು ಅಲ್ಲಗಳೆಯಲಾಗದು. "ಒಂದು ದೇಶದ ತೆರಿಗೆ ಆ ದೇಶದ ಸ್ವಂತ ವಿಚಾರ, ನಮಗೇಕೆ ಅದರ ಗೊಡವೆ?" ಎನ್ನುವ ಸದಸ್ಯ ಬಂಧುಗಳಿಗಾಗಿ ಈ ನಾಲ್ಕು ಮಾತು.

ನಮ್ಮ ಬೆಳೆಗೇ ಸಂಬಂಧಿಸಿದ ಒಂದು ಉದಾಹರಣೆಯನ್ನು ನೋಡೋಣ. ಸ್ಟಾರ್‌ಬಕ್ಸ್ ಕಂಪೆನಿಯು 1998ರಿಂದ ಬ್ರಿಟನ್ನಿನಲ್ಲಿ 300 ಕೋಟಿ ಪೌಂಡಿಗೂ ಹೆಚ್ಚು ಮಾರಾಟ ನಡೆಸಿ, ಕಂಪೆನಿ ತೆರಿಗೆಯಾಗಿ ಕಟ್ಟಿದ್ದು 86 ಲಕ್ಷ ಪೌಂಡು ಮಾತ್ರವೆಂದು 2012ರಲ್ಲಿ ರಾಯಿಟರ್ಸ್ ಸುದ್ದಿಸಂಸ್ಥೆ ವರದಿ ಮಾಡಿತು. ಅದೇ ವರ್ಷ ಪಾರ್ಲಿಮೆಂಟಿನ ಲೆಕ್ಕಪತ್ರ ಸಮಿತಿ ಕಂಪೆನಿಯ ಅಧಿಕಾರಿಯನ್ನು ಕರೆಸಿ ವಿಚಾರಿಸಿದಾಗ ಲೆಕ್ಕದ ಒಳಗುಟ್ಟು ಹೊರಬಂತು. ಸ್ವಿಟ್ಜರ್ಲೆಂಡಿನ ಲೊಸಾನ್ ನಗರದಲ್ಲಿದ್ದ ಅದೇ ಬಳಗದ ಕಂಪೆನಿ ಬೀಜವನ್ನು ಕೊಂಡು, ಶೇ. 20ರಷ್ಟು ಮೇಲಿಟ್ಟು ಬಳಗದೊಳಗೇ ಮಾರುತ್ತಿತ್ತು. ಬ್ರಿಟನ್ನಿನ ಅಂಗಡಿಗಳು ಕಂಪೆನಿಯ ಹೆಸರನ್ನು ಬಳಸಿದ್ದಕ್ಕಾಗಿ ಮಾರಾಟದ ಶೇ. 6ರಷ್ಟನ್ನು ನೆದರ್‌ಲೆಂಡ್ಸಿಗೆ ಕಟ್ಟುತ್ತಿದ್ದವು. ಕಾಫಿ ಕುಡಿದ ಊರಿನಲ್ಲಿ ಲಾಭವೇ ಕಾಣಲಿಲ್ಲ!

ಇದೆಲ್ಲ ಕಾನೂನುಬಾಹಿರವೇ? ನೆದರ್‌ಲೆಂಡ್ಸ್ ಕೊಟ್ಟ ತೆರಿಗೆ ಸೌಲಭ್ಯ ಅಕ್ರಮವೆಂದು 2015ರಲ್ಲಿ ಐರೋಪ್ಯ ಆಯೋಗ ಹೇಳಿತು. 2019ರಲ್ಲಿ ಐರೋಪ್ಯ ಒಕ್ಕೂಟದ ನ್ಯಾಯಾಲಯ ಆ ನಿರ್ಣಯವನ್ನು ರದ್ದುಪಡಿಸಿತು. ಅಂದರೆ ಕಾನೂನನ್ನು ಮುರಿಯದೆಯೂ ಇಂತಹ ಲೆಕ್ಕ ಬರೆಯಬಹುದು. ದೋಷವಿರುವುದು ಕಾನೂನಿನಲ್ಲಿಯೇ.

ಹಳ್ಳದ ಮೇಲಿನ ತೋಟದವರು ತಮ್ಮ ಜಾಗದಲ್ಲೇ ಕಟ್ಟೆ ಹಾಕಿಕೊಂಡರೂ ನೀರು ತಪ್ಪುವುದು ಕೆಳಗಿನ ತೋಟದವರಿಗೆ. "ನನ್ನ ಜಾಗ, ನನ್ನ ಕಟ್ಟೆ" ಎಂಬ ವಾದವನ್ನು ಮಲೆನಾಡಿನಲ್ಲಿ ಯಾವ ಪಂಚಾಯಿತಿಯೂ ಪೂರ್ತಿ ಒಪ್ಪಲಾರದು. ಒಂದು ದೇಶದ ತೆರಿಗೆ ನಿಯಮ ಇನ್ನೊಂದು ದೇಶದ ವರಮಾನವನ್ನು ಕುಗ್ಗಿಸುತ್ತದೆ, ಬಡ ದೇಶಗಳಿಗೇ ಅದರ ಪೆಟ್ಟು ಹೆಚ್ಚು ಎಂದು ಅಂತರರಾಷ್ಟ್ರೀಯ ಹಣಕಾಸು ನಿಧಿ 2014ರ ತನ್ನ ಅಧ್ಯಯನದಲ್ಲಿ ಹೇಳಿದೆ. ಬಡ ದೇಶಗಳ ಬೊಕ್ಕಸ ಕಂಪೆನಿ ತೆರಿಗೆಯನ್ನೇ ಹೆಚ್ಚಾಗಿ ನೆಚ್ಚಿಕೊಂಡಿರುವುದೇ ಇದಕ್ಕೆ ಕಾರಣ.

ಇದಲ್ಲದೆ, ಒಬ್ಬರು ಇಳಿಸಿದರೆ ಉಳಿದವರೂ ಇಳಿಸಬೇಕಾಗುತ್ತದೆ. ಅಮೆರಿಕವು 1986ರ ಕಾನೂನಿನಿಂದ ಶೇ. 46 ಇದ್ದ ದರವನ್ನು ಶೇ. 34ಕ್ಕೆ ತಂದಿತು, 2018ರಿಂದ ಅದು ಶೇ. 21. ಭಾರತವೂ 2019ರಲ್ಲಿ ಬೇರೆ ವಿನಾಯಿತಿ ಬಿಟ್ಟುಕೊಡುವ ಕಂಪೆನಿಗಳಿಗೆ ಮೂಲ ದರವನ್ನು ಶೇ. 22ಕ್ಕೆ, ಹೊಸ ತಯಾರಿಕಾ ಕಂಪೆನಿಗಳಿಗೆ ಶೇ. 15ಕ್ಕೆ ಇಳಿಸಿತು. ಬಂಡವಾಳ ಬರಲೆಂಬ ಉದ್ದೇಶ ಸರಿಯೇ. ಆದರೆ ನೆರೆಯವರೂ ಇಳಿಸಿದ ಮೇಲೆ ಯಾರಿಗೆ ಏನು ಉಳಿಯಿತು? ಕೊರತೆಯನ್ನು ಜಾಗ ಬದಲಿಸಲಾಗದವರು ತುಂಬಬೇಕು. ಕಂಪೆನಿ ತನ್ನ ಲೆಕ್ಕಪುಸ್ತಕವನ್ನು ಎಲ್ಲಿಗಾದರೂ ಒಯ್ಯಬಹುದು. ನಾವು ತೋಟವನ್ನು ಹೆಗಲ ಮೇಲೆ ಹೊತ್ತು ಲೊಸಾನಿಗೆ ಹೋಗಲಾದೀತೇ? ಡೀಸೆಲಿನ ಮೇಲಿನ ತೆರಿಗೆಯನ್ನು ನಾವು ಬಂಕಿನಲ್ಲೇ ಕಟ್ಟಿ ಬರುತ್ತೇವೆ.

ಕಾಫಿ ದರದ ಏರಿಳಿತಕ್ಕೆಲ್ಲ ಇದೇ ಕಾರಣವೆಂದು ನಾನು ಹೇಳುತ್ತಿಲ್ಲ. ಬ್ರೆಜಿಲಿನ ಮಳೆ, ವಿಯೆಟ್ನಾಮಿನ ಫಸಲು ತಮ್ಮ ಕೆಲಸ ಮಾಡುತ್ತಲೇ ಇರುತ್ತವೆ. ಆದರೆ ಬೀಜಕ್ಕೂ ಬಟ್ಟಲಿಗೂ ನಡುವಿನ ಲಾಭ ಎಲ್ಲಿ ಉಳಿಯಿತೆಂಬುದೇ ತಿಳಿಯದಿದ್ದರೆ ಬೆಳೆಗಾರನು ಯಾರೊಡನೆ, ಯಾವ ಆಧಾರದ ಮೇಲೆ ಚೌಕಾಸಿ ಮಾಡಬೇಕು?

2021ರ ಅಕ್ಟೋಬರಿನಲ್ಲಿ 130ಕ್ಕೂ ಹೆಚ್ಚು ದೇಶಗಳು ದೊಡ್ಡ ಕಂಪೆನಿಗಳಿಗೆ ಕನಿಷ್ಠ ಶೇ. 15 ತೆರಿಗೆಯೆಂದು ಒಪ್ಪಿದವು. ಸ್ವಿಟ್ಜರ್ಲೆಂಡೂ 2024ರಿಂದ ಅದನ್ನು ಜಾರಿಗೆ ತಂದಿತು. ಆದರೆ 2025ರ ಜೂನಿನಲ್ಲಿ ಏಳು ಶ್ರೀಮಂತ ರಾಷ್ಟ್ರಗಳ ಕೂಟವು ಅಮೆರಿಕದ ಕಂಪೆನಿಗಳನ್ನು ಇದರ ಮುಖ್ಯ ನಿಯಮಗಳಿಂದ ಹೊರಗಿಡಲು ಸಮ್ಮತಿಸಿತು. ಬಲಿಷ್ಠರಿಗೆ ವಿನಾಯಿತಿಯಿರುವ ನಿಯಮ ಎಷ್ಟು ದಿನ ಬಾಳೀತು?

ನಮ್ಮ ಸಂಘದಲ್ಲಿ ಎಷ್ಟಕ್ಕೆ ಕೊಂಡೆವು, ಎಷ್ಟಕ್ಕೆ ಮಾರಿದೆವು, ಖರ್ಚೆಷ್ಟು ಎಂಬುದನ್ನು ವರ್ಷ ವರ್ಷವೂ ಸರ್ವಸದಸ್ಯರ ಸಭೆಯ ಮುಂದಿಡುತ್ತೇವೆ. ದೊಡ್ಡ ಕಂಪೆನಿಗಳು ದೇಶವಾರು ಲೆಕ್ಕವನ್ನು ತೆರಿಗೆ ಇಲಾಖೆಗೆ ಕೊಡುವ ನಿಯಮ ಭಾರತದಲ್ಲಿ 2016ರಲ್ಲೇ ಬಂದಿದೆ. ಆದರೆ ಅದು ಗೋಪ್ಯ. ಅದನ್ನು ಸಾರ್ವಜನಿಕರ ಮುಂದೆಯೂ ಇಡಬೇಕೆಂದು ಬೆಳೆಗಾರರ ಸಂಘಟನೆಗಳು ಒಕ್ಕೊರಲಿನಿಂದ ಒತ್ತಾಯಿಸಬೇಕು. ವಿಶ್ವಸಂಸ್ಥೆಯಲ್ಲಿ ತೆರಿಗೆ ಒಪ್ಪಂದವೊಂದನ್ನು ರೂಪಿಸಲು 2024ರ ಡಿಸೆಂಬರಿನಲ್ಲಿ ಮಹಾಸಭೆ ಮಾರ್ಗಸೂಚಿಯನ್ನು ಅಂಗೀಕರಿಸಿದೆ. ಅಲ್ಲಿ ಬೆಳೆಯುವ ದೇಶಗಳ ದನಿ ಕೇಳಬೇಕಾದರೆ ನಮ್ಮ ಸಂಸತ್ಸದಸ್ಯರಿಗೆ ಮೊದಲು ನಾವೇ ವಿಷಯ ಮುಟ್ಟಿಸಬೇಕು. ಮುಂದಿನ ಸರ್ವಸದಸ್ಯರ ಸಭೆಯಲ್ಲಿ ಈ ಬಗ್ಗೆ ನಿರ್ಣಯವೊಂದನ್ನು ಅಂಗೀಕರಿಸಿ ಕಳುಹಿಸೋಣವೆಂದು ನನ್ನ ವಿನಂತಿ.

— ಕಾರ್ಯದರ್ಶಿ