ಒಂದೇ ರೇಖಾಂಶದ ಎರಡು ನಗರಗಳು

ಭೂಪಟದಲ್ಲಿ ಶಾಂಘಾಯಿಯ ಮೇಲೆ ಬೆರಳಿಟ್ಟು ನೇರವಾಗಿ ದಕ್ಷಿಣಕ್ಕೆ ಸರಿಸಿದರೆ, ಹೆಚ್ಚುಕಡಮೆ ಅದೇ ರೇಖಾಂಶದಲ್ಲಿ, ಸಮುದ್ರವನ್ನು ದಾಟಿದೊಡನೆ ತೈಪೆ ದೊರೆಯುತ್ತದೆ. ನಡುವಣ ದೂರ ಸುಮಾರು 680 ಕಿಲೋಮೀಟರು. ವಿಮಾನಕ್ಕೆ ಒಂದೂವರೆ ಗಂಟೆಯ ಹಾದಿ. ಆದರೂ ಇಪ್ಪತ್ತೊಂದನೆಯ ಶತಮಾನದ ಮೊದಲ ವರ್ಷಗಳಲ್ಲಿಯೂ ಸಾಮಾನ್ಯ ಪ್ರಯಾಣಿಕನು ತೈಪೆಯಿಂದ ಹೊರಟು, ನೈರುತ್ಯಕ್ಕೆ 800 ಕಿಲೋಮೀಟರು ಹಾರಿ ಹಾಂಗ್‌ಕಾಂಗಿನಲ್ಲಿಳಿದು, ಬೇರೊಂದು ವಿಮಾನಕ್ಕಾಗಿ ಕಾದು ಕುಳಿತು, ಅಲ್ಲಿಂದ ಮತ್ತೆ ಈಶಾನ್ಯಕ್ಕೆ 1,200 ಕಿಲೋಮೀಟರಿಗೂ ಮಿಕ್ಕ ದೂರವನ್ನು ಕ್ರಮಿಸಿ, ದಿನದ ಬಹುಭಾಗ ಕಳೆದ ಮೇಲೆ ಶಾಂಘಾಯಿಯನ್ನು ಸೇರುತ್ತಿದ್ದನು.

1949ರಲ್ಲಿ ಚೀನದ ಅಂತರ್ಯುದ್ಧದಲ್ಲಿ ಪರಾಜಿತವಾದ ಸರ್ಕಾರವು ತೈವಾನ್ ದ್ವೀಪಕ್ಕೆ ಹೊರಟುಹೋದಾಗ, ಅದರೊಡನೆ ಹೋದ ಹತ್ತು ಲಕ್ಷಕ್ಕೂ ಹೆಚ್ಚು ಜನರಲ್ಲಿ, ತಾಯಿಗೆ ಹೇಳಿಹೋಗುವಷ್ಟು ಅವಕಾಶವೂ ಇಲ್ಲದ ತರುಣ ಸೈನಿಕರು ಎಷ್ಟೋ ಮಂದಿಯಿದ್ದರು. ಹುಟ್ಟೂರನ್ನು ಕಂಡುಬರಲು ಅವರಿಗೆ ಅನುಮತಿ ದೊರೆತದ್ದು 1987ರ ನವೆಂಬರಿನಲ್ಲಿ, ಮೂವತ್ತೆಂಟು ವರ್ಷಗಳ ತರುವಾಯ, ಆಗಲೂ ನೇರಮಾರ್ಗವಿರಲಿಲ್ಲ. ನರೆತ ತಲೆಯ ಮಗನು ಮೂರನೆಯ ನಗರವೊಂದನ್ನು ಬಳಸಿಕೊಂಡು ತನ್ನ ಊರಿನ ಬಾಗಿಲಿಗೆ ಹೋಗಿ ನಿಂತಾಗ, ಅನೇಕ ಮನೆಗಳಲ್ಲಿ ಅವನಿಗಾಗಿ ಉಳಿದಿದ್ದುದು ಸಮಾಧಿಯ ಮಣ್ಣು ಮಾತ್ರ.

ಬಳಿಕ ಈ ಗಂಟು ಬಿಡಿಸಿಕೊಂಡ ನಿಧಾನವನ್ನು ನೋಡಿರಿ. 2003ರಲ್ಲಿ ಚಾಂದ್ರಮಾನ ಹೊಸವರ್ಷದ ನಿಮಿತ್ತವಾಗಿ ವಿಶೇಷ ವಿಮಾನಗಳು ಹಾರಿದುವು, ಆದರೆ ನಡುವೆ ಇಳಿದು ಏಳಬೇಕೆಂಬ ನಿಯಮದಿಂದ. 2008ರ ಜುಲೈಯಲ್ಲಿ ಇಳಿಯಬೇಕಾದ ನಿರ್ಬಂಧವಿಲ್ಲದಿದ್ದರೂ ಹಾಂಗ್‌ಕಾಂಗಿನ ವಾಯುಪ್ರದೇಶವನ್ನು ಮುಟ್ಟಿಯೇ ತಿರುಗಬೇಕಾಗಿತ್ತು. ಆ ವರ್ಷದ ಡಿಸೆಂಬರ್ 15ರಂದು ಕಡಲಿನ ಮೇಲಣ ನೇರವಾದ ಹಾದಿ ತೆರೆಯಿತು. 1987ರಲ್ಲಿ ಇದ್ದ ಜೆಟ್ ವಿಮಾನಗಳ ವೇಗವೇ ಆಗಲೂ ಇದ್ದಿತು. ಯಂತ್ರವು ಇಪ್ಪತ್ತು ವರ್ಷಗಳಿಂದ ಸಿದ್ಧವಾಗಿ ಕಾದಿತ್ತು.

ದೇಶರಕ್ಷಣೆಯ ವಿಚಾರವನ್ನು ನಾನು ಲಘುವಾಗಿ ಎಣಿಸುವವನಲ್ಲ. ಆದರೆ ರಾಜ್ಯಗಳ ವಿರಸವೆಷ್ಟೇ ತೀವ್ರವಾಗಿರಲಿ, ವೃದ್ಧರೂ ರೋಗಿಗಳೂ ಬಂಧುಗಳನ್ನು ಕಾಣಹೊರಟವರೂ ಪಯಣಿಸುವ ಆಕಾಶಮಾರ್ಗವನ್ನು ಎಲ್ಲಕ್ಕಿಂತ ಕಡೆಯಲ್ಲಿ ಮುಚ್ಚಬೇಕು, ಎಲ್ಲಕ್ಕಿಂತ ಮೊದಲು ತೆರೆಯಬೇಕು ಎಂಬುದು ನನ್ನ ದೃಢವಾದ ಅಭಿಪ್ರಾಯ. ಈ ಮಾತು ನಮಗೂ ದೂರದ್ದಲ್ಲ. ದೆಹಲಿಗೂ ಲಾಹೋರಿಗೂ ನಡುವೆ ಆಕಾಶದಲ್ಲಿ ಅಳೆದರೆ 430 ಕಿಲೋಮೀಟರು, ಬೆಂಗಳೂರು ಹೈದರಾಬಾದುಗಳ ಅಂತರಕ್ಕಿಂತಲೂ ಕಡಮೆ. 2025ರ ಏಪ್ರಿಲಿನಲ್ಲಿ ಎರಡು ದೇಶಗಳೂ ಪರಸ್ಪರರ ವಿಮಾನಗಳಿಗೆ ತಮ್ಮ ಆಕಾಶವನ್ನು ಮುಚ್ಚಿದುವು. ವಿಭಜನೆಯಲ್ಲಿ ಅಗಲಿದ ಕುಟುಂಬಗಳಲ್ಲಿ ಆ ದಿನಗಳನ್ನು ಕಣ್ಣಾರೆ ಕಂಡವರು ಈಗ ಎಷ್ಟು ಮಂದಿ ಉಳಿದಿದ್ದಾರು? ತೈವಾನಿನಲ್ಲಿ, 1987ರಲ್ಲಿ ಅರುವತ್ತು ತುಂಬಿದ್ದ ಸೈನಿಕನು ಬದುಕಿದ್ದ ಪಕ್ಷದಲ್ಲಿ, ಶಾಂಘಾಯಿಗೆ ನೇರಮಾರ್ಗ ತೆರೆದಾಗ ಅವನಿಗೆ ಎಂಬತ್ತೊಂದು ವರ್ಷ.