ಜೈಲು ಯಾರ ಊರಿಗೆ ಬೇಕು?

2020ರ ಏಪ್ರಿಲ್‌ನಲ್ಲಿ, ಕ್ವಾರಂಟೈನ್‌ಗೆ ಕರೆದೊಯ್ಯಲು ಬಂದ ಸಿಬ್ಬಂದಿಯ ವಿರುದ್ಧ ಬೆಂಗಳೂರಿನ ಪಾದರಾಯನಪುರದಲ್ಲಿ ನಡೆದ ಗಲಭೆಯ ಆರೋಪಿಗಳನ್ನು ರಾಮನಗರದ ಜೈಲಿಗೆ ತಂದಾಗ ಜಿಲ್ಲೆಯಲ್ಲಿ ಒಂದೂ ಕೊರೊನಾ ಪ್ರಕರಣ ಇರಲಿಲ್ಲ. ಮಾಜಿ ಮುಖ್ಯಮಂತ್ರಿ ಎಚ್‌.ಡಿ. ಕುಮಾರಸ್ವಾಮಿ ಇದರ ವಿರುದ್ಧ ಸಿಡಿದೆದ್ದರು. ಕೆಲವರಲ್ಲಿ ಸೋಂಕು ಕಂಡದ್ದೇ ತಡ, ಆರೋಪಿಗಳನ್ನು ಬೆಂಗಳೂರಿನ ಹಜ್ ಭವನಕ್ಕೆ ಸಾಗಿಸಲಾಯಿತು. ಆತಂಕ ಸುಳ್ಳಾಗಿರಲಿಲ್ಲ, ನಿಜ. ಆದರೆ ಈ ಆರೋಪಿಗಳಿಗೆ ಜಾಗ ಮಾಡಲು ರಾಮನಗರ ಜೈಲಿನಲ್ಲಿದ್ದ ಕೈದಿಗಳನ್ನು ಬೆಂಗಳೂರಿನ ಪರಪ್ಪನ ಅಗ್ರಹಾರ ಜೈಲಿಗೆ ಕಳಿಸಿದ್ದು ಗದ್ದಲದಲ್ಲಿ ಮುಳುಗಿಹೋಯಿತು.

ಕ್ಯಾಲಿಫೋರ್ನಿಯಾದ ಸೂಸನ್‌ವಿಲ್‌ನದು ಉಲ್ಟಾ ಕತೆ. ಸೆರೆಮನೆ ಮುಚ್ಚಿದರೆ ನೌಕರಿ ಹೋಗುತ್ತದೆಂದು ಊರೇ 2021ರಲ್ಲಿ ಕೋರ್ಟಿಗೆ ಹೋಯಿತು. 2023ರಲ್ಲಿ ಬೀಗ ಬಿತ್ತು.

ರಾಮನಗರದ ಪಕ್ಕದ ಮಾಗಡಿ ತಾಲ್ಲೂಕಿನ ತಿಪ್ಪಸಂದ್ರಕ್ಕೆ ಜೈಲಿನ ನೌಕರಿಯ ಆಸೆಯೇನಿಲ್ಲ. ಆದರೆ ವಿಚಾರಣಾಧೀನ ಮಗನನ್ನು ನೋಡಲು, ಜಾಮೀನಿಗೆ ಓಡಾಡಲು ಕೂಲಿ ಬಿಟ್ಟು ಬಸ್ ಹತ್ತುವವರಿಗೆ ರಾಮನಗರವೂ ಪರಪ್ಪನ ಅಗ್ರಹಾರವೂ ಒಂದೇ ಅಲ್ಲ. ಜಿಲ್ಲಾ ಜೈಲು ಉಳಿಯಬೇಕಾದದ್ದು ಇವರಿಗಾಗಿ. ಮುಂದೆ ಕೈದಿಗಳ ಸ್ಥಳಾಂತರದ ಮಾತು ಬಂದಾಗ ಶಾಸಕರು ಮೊದಲು ಇವರನ್ನು ಕೇಳಲಿ.