ಕಾತ್ಯಾಯಿನಿಯ ಪ್ರೀತಿಯೂ ಗಡಿಯ ತರಗತಿಯೂ

1956ರಲ್ಲಿ ರಾಜ್ಯಗಳು ಮರುವಿಂಗಡಣೆಯಾದಾಗ ಬೀದರ್ ಜಿಲ್ಲೆಯ ನಿಲಂಗಾ, ಉದಗೀರ ತಾಲ್ಲೂಕುಗಳು ಆಗಿನ ಮುಂಬಯಿ ರಾಜ್ಯಕ್ಕೆ ಸೇರಿದವು. ಪಕ್ಕದ ಉಮರ್ಗಾ ಆಗಲೇ ಉಸ್ಮಾನಾಬಾದ್ ಜಿಲ್ಲೆಯಲ್ಲಿತ್ತು. ಗಡಿ ಸರಿದರೂ ಮನೆಮಾತು ಸರಿಯಲಿಲ್ಲ. ಇಲ್ಲಿನ ಎಷ್ಟೋ ಮನೆಗಳಲ್ಲಿ ಅವ್ವನೊಡನೆ ಕನ್ನಡ, ಶಾಲೆಯಲ್ಲಿ ಮರಾಠಿ. ಕನ್ನಡ ಕೇಳಿದರೆ ಅರ್ಥವಾಗುತ್ತದೆ, ಓದಲು ಬಾರದು.

ಇಂಥ ಮಕ್ಕಳ ಕಾಲೇಜಿಗೆ ಎಸ್.ಎಲ್. ಭೈರಪ್ಪನವರ ‘ವಂಶವೃಕ್ಷ’ (1965) ಹೇಳಿ ಮಾಡಿಸಿದ ಪುಸ್ತಕ. ಉಮಾ ಕುಲಕರ್ಣಿ ಅದನ್ನು ಮರಾಠಿಗೆ ತಂದಿದ್ದಾರೆ. ಅವರು ಅನುವಾದ ಮಾಡುತ್ತಿದ್ದ ಬಗೆಯೂ ಗಡಿಯವರಿಗೆ ತಮ್ಮದೇ ಅನ್ನಿಸೀತು: ಪತಿ ವಿರೂಪಾಕ್ಷ ಕನ್ನಡ ಪುಸ್ತಕವನ್ನು ಗಟ್ಟಿಯಾಗಿ ಓದಿ ಟೇಪಿಗೆ ತುಂಬುವುದು, ಉಮಾ ಅದನ್ನು ಕೇಳುತ್ತ ಮರಾಠಿಯಲ್ಲಿ ಬರೆಯುವುದು.

ಕಥೆಯ ಪ್ರೀತಿ ಹುಟ್ಟುವುದೂ ಕಾಲೇಜಿನಲ್ಲೇ. ಗಂಡ ಕಪಿಲೆಯಲ್ಲಿ ಮುಳುಗಿ ಸತ್ತ ಮೇಲೆ ನಂಜನಗೂಡಿನಿಂದ ಮೈಸೂರಿಗೆ ರೈಲಿನಲ್ಲಿ ಓದಲು ಹೋಗುವ ಕಾತ್ಯಾಯಿನಿ, ಇಂಗ್ಲಿಷ್ ಮೇಷ್ಟ್ರು ರಾಜಾರಾಯನನ್ನು ಮೆಚ್ಚುತ್ತಾಳೆ. ಮಗನನ್ನು ಮಾವ ಶ್ರೀನಿವಾಸ ಶ್ರೋತ್ರಿಯ ಮನೆಯಲ್ಲೇ ಬಿಟ್ಟು ಮದುವೆಯಾಗುತ್ತಾಳೆ. ರಾಜಾರಾಯನ ಅಣ್ಣ ಸದಾಶಿವರಾಯನದು ಇನ್ನೊಂದು ದಾರಿ. ಭಾರತದ ಇತಿಹಾಸ ಬರೆಯುತ್ತ ಸಹಾಯಕ್ಕೆ ಬಂದ ಕರುಣಾರತ್ನೆಯನ್ನು ಕಟ್ಟಿಕೊಳ್ಳುತ್ತಾನೆ. ಮೊದಲ ಹೆಂಡತಿ ನಾಗಲಕ್ಷ್ಮಿ ರಾಮನಾಮ ಬರೆಯುತ್ತ ಕೂರುತ್ತಾಳೆ. ಇವೆರಡರಲ್ಲಿ ಪ್ರೀತಿ ಯಾವುದು, ಅನುಕೂಲ ಯಾವುದು? ಬಸ್ಸಿನಲ್ಲಿ ತಾಲ್ಲೂಕು ಕೇಂದ್ರಕ್ಕೆ ಓದಲು ಬರುವ ಹುಡುಗಿಯರಿಗೆ ಇದು ದೂರದ ಪ್ರಶ್ನೆಯಲ್ಲ.

ಆದರೆ ಇಂಥ ಕಾದಂಬರಿ ಪಾಠವಾಗುವ ತರಗತಿಗಳಲ್ಲಿ ಪ್ರೀತಿಯ ಮಾತು ಬಂದೊಡನೆ ಹಿಂದಿನ ಬೆಂಚು ಕಿಸಕ್ಕೆನ್ನುತ್ತದೆ, ಮೇಷ್ಟ್ರು ಪುಟ ಮಗುಚುತ್ತಾರೆ. ಆ ಜಾಗಕ್ಕೆ ನೋಟ್ಸ್ ಬರುತ್ತದೆ: ಪರಂಪರೆ ಮತ್ತು ಆಧುನಿಕತೆಯ ಸಂಘರ್ಷ, ಹತ್ತು ಅಂಕ.

ವಿಮರ್ಶೆ ಬೇಡವೆಂದಲ್ಲ. ಮರುಮದುವೆಯಾದವಳಿಗೆ ಮೇಲಿಂದ ಮೇಲೆ ಗರ್ಭಪಾತ, ಕೊನೆಗೆ ಸಾವು. ಲೇಖಕರೇ ಅವಳನ್ನು ದಂಡಿಸಿದರು ಎಂಬ ಆಕ್ಷೇಪ ಹಳೆಯದು. ತನ್ನ ಹುಟ್ಟೇ ವಂಶಶುದ್ಧಿಗೆ ಹೊರತೆಂದು ಕೊನೆಯಲ್ಲಿ ಶ್ರೋತ್ರಿಗೂ ತಿಳಿಯುತ್ತದಲ್ಲ ಎಂಬ ಸಮರ್ಥನೆಯೂ ಉಂಟು. ಸಮರ್ಥನೆ ಪೂರ್ತಿ ಒಪ್ಪತಕ್ಕದ್ದಲ್ಲ: ಶ್ರೋತ್ರಿಗೆ ಸಂನ್ಯಾಸದ ಗೌರವ ಸಿಕ್ಕಿತು, ಕಾತ್ಯಾಯಿನಿಗೆ ಸಿಕ್ಕಿದ್ದು ಚಿತೆ. ಈ ತಾರತಮ್ಯವನ್ನು ವಿದ್ಯಾರ್ಥಿ ತಾನೇ ಕಾಣಬೇಕಾದರೆ ಮೊದಲು ಅವಳ ಪ್ರೀತಿಯನ್ನು ನಂಬಬೇಕು. 1965ರಲ್ಲೇ ಬಂದ ‘ಸಂಸ್ಕಾರ’ ಕಾದಂಬರಿಯ ಪಾಡೂ ಅಷ್ಟೆ. ಪ್ರಾಣೇಶಾಚಾರ್ಯನ ಧರ್ಮಸಂಕಟದ ಬಗ್ಗೆ ರಾಶಿ ಲೇಖನಗಳಿವೆ, ಅವನನ್ನು ಕೂಡಿದ ಚಂದ್ರಿಗೆ ಏನನ್ನಿಸಿತೆಂದು ಕೇಳಿದವರು ಕಡಿಮೆ.

ಇಂಥ ಓದಿಗೆ ಗಡಿಯ ಊರುಗಳು ತಕ್ಕವು. 2022ರಲ್ಲಿ 95ನೇ ಅಖಿಲ ಭಾರತ ಮರಾಠಿ ಸಾಹಿತ್ಯ ಸಮ್ಮೇಳನ ನಡೆದದ್ದು ಉದಗೀರದಲ್ಲೇ. ಊರಿಗೆ ಸಾಹಿತ್ಯ ಹೊಸದೇನಲ್ಲ. ಉದಗೀರ, ನಿಲಂಗಾದ ಕಾಲೇಜುಗಳು ನಾಂದೇಡದ ವಿಶ್ವವಿದ್ಯಾಲಯಕ್ಕೆ, ಉಮರ್ಗಾದವು ಔರಂಗಾಬಾದಿನ (ಈಗ ಛತ್ರಪತಿ ಸಂಭಾಜಿನಗರ) ವಿಶ್ವವಿದ್ಯಾಲಯಕ್ಕೆ ಸೇರಿವೆ. ಎರಡರ ಮರಾಠಿ ಅಧ್ಯಯನ ಮಂಡಳಿಗಳೂ ‘ವಂಶವೃಕ್ಷ’ದ ಮರಾಠಿ ಅನುವಾದವನ್ನು ಪಠ್ಯಕ್ಕೆ ಪರಿಗಣಿಸಲಿ. ಚರ್ಚೆಯಲ್ಲಿ ಮನೆಯ ಕನ್ನಡಕ್ಕೂ ಅವಕಾಶವಿರಲಿ, ವಿಮರ್ಶಕರ ಲೇಖನಗಳನ್ನು ಕಾದಂಬರಿ ಓದಿ ಮುಗಿದ ಮೇಲೆ ಕೊಡಲಿ.